ಗೋಮಾಳಕ್ಕೆ ಮೇಷ್ಟ್ರು ಕಟ್ಟಿದ ಬೆಲೆ

ನಾನು ಬಿ.ಎ. ಮುಗಿಸಿದ ವರ್ಷ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಸೈಕಲ್ ತುಳಿದುಕೊಂಡು ತುಮಕೂರಿನ ಮಂಡಿಪೇಟೆಗೆ, ನಮ್ಮ ಅಪ್ಪನ ಅಂಗಡಿಗೆ ಬಂದರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಅಪ್ಪನದು ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ನಾವು ಉರ್ದು ಮಾತಾಡುತ್ತಿದ್ದೆವು, ಆಚೆ ಕನ್ನಡ. ಅವತ್ತು ನಾನು ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಮೇಷ್ಟ್ರು ನನ್ನನ್ನು ಎಂ.ಎ. ಓದಲು ಮೈಸೂರಿಗೆ ಕಳಿಸಿ ಎಂದು ಕೇಳಲು ಬಂದಿದ್ದರು. ಅಪ್ಪ ಪಿನ್ನು ಹಾಕಿ ಸ್ಟವ್‌ನ ಕಣ್ಣು ಬಿಡಿಸುತ್ತಾ ತಲೆ ಎತ್ತದೆ ಹೇಳಿದರು, “ಹೆಣ್ಣುಮಗು ಸಾರ್. ಮೈಸೂರು ದೂರ. ನಮ್ಮ ಜನ ಏನಂದಾರು?”

“ನಿಮ್ಮ ಜನ ಏನಾದ್ರೂ ಅಂದ್ರೆ ನನ್ನ ಹತ್ರ ಕಳ್ಸಿ. ಇವಳ ಜವಾಬ್ದಾರಿ ನಂದು.”

ಅಪ್ಪ ಪಿನ್ನು ಕೆಳಗಿಟ್ಟರು. ಆ ಒಂದು ಮಾತಿಗೆ ಅವರು ಸೋತುಹೋದರು ಅಂತಲೇ ಹೇಳಬೇಕು. ನಮ್ಮ ಬೀದಿಗೆ ಅಂಥ ಓದಿದ ಮನುಷ್ಯ ಬಂದು, ಮರದ ಸ್ಟೂಲಿನ ಮೇಲೆ ಕೂತು, ಎಣ್ಣೆ ಮೆತ್ತಿದ ಕೈ ಕುಲುಕಿ ಮಾತಾಡಿದ್ದೇ ಅವರಿಗೆ ದೊಡ್ಡದು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾವ ವಿಷಯ ಬಂದರೂ ಅಪ್ಪನ ಮೊದಲ ಪ್ರಶ್ನೆ ಒಂದೇ: “ಮೇಷ್ಟ್ರನ್ನ ಕೇಳಿದ್ಯಾ?”

ನಾನು ಮೈಸೂರಿಗೆ ಹೋದೆ, ಓದಿದೆ, ತುಮಕೂರಿಗೇ ವಾಪಸು ಬಂದು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದೆ. ಅಷ್ಟರಲ್ಲಿ ಮೇಷ್ಟ್ರು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಸೇರಿದ್ದರು. ಸೈಕಲ್ ಹೋಗಿ ಸ್ಕೂಟರ್ ಬಂದಿತ್ತು. ಅವರ ಕೈಕೆಳಗೇ ಪಿಎಚ್.ಡಿ.ಗೆ ಸೇರಿದೆ. ವಿಷಯ ಹೊಳೆದದ್ದು ಅವರಿಗೆ: ಹಳ್ಳಿಯ ಗೋಮಾಳ. ಊರಿನ ದನಕುರಿ ಮೇಯಲೆಂದು ಸರ್ಕಾರ ಬಿಟ್ಟಿರುವ ಆ ಜಮೀನಿನಿಂದ ಬಡವರ ಮನೆಗೆ ಏನು ಬರುತ್ತದೆ, ಅದು ಹೋದರೆ ಏನು ಹೋಗುತ್ತದೆ ಎಂದು ತಿಳಿಯುವುದು. ಪರಿಸರ ಎಂಬ ಮಾತು ಆಗಿನ್ನೂ ಅರ್ಥಶಾಸ್ತ್ರದ ಪಾಠಗಳಿಗೆ ಬಂದಿರಲಿಲ್ಲ. ನಮ್ಮಂಥ ಬಡ ದೇಶಕ್ಕೆ ಅದು ಶೋಕಿ ಎಂದು ನಗುತ್ತಿದ್ದವರೇ ಹೆಚ್ಚು. ಮೇಷ್ಟ್ರು ನಗಲಿಲ್ಲ.

“ಸಂತೆಗೆ ಬರದೇ ಇರೋದಕ್ಕೂ ಬೆಲೆ ಇದೆ ಕಣಮ್ಮ,” ಎಂದರು. “ಅದು ನಾಳೆ ಇಲ್ಲ ಅಂದ್ರೆ ಆ ಮನೆಯೋರು ಅದರ ಬದಲು ಏನು ಕೊಂಡ್ಕೋಬೇಕು, ಎಷ್ಟು ದೂರ ನಡೀಬೇಕು, ಅದನ್ನ ಕೇಳು. ಅದೇ ಅದರ ಬೆಲೆ. ಇದನ್ನ ಲೆಕ್ಕಕ್ಕೆ ತರದೇ ಇರೋನು ಅರ್ಥಶಾಸ್ತ್ರಜ್ಞ ಅಲ್ಲ, ಗುಮಾಸ್ತ.”

ಆ ಮಾತು ಕೇಳಿ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವಾಗ ನನಗೆ ಕಿಟಕಿಯಾಚೆಯ ಕುರುಚಲು ಬಯಲೆಲ್ಲ ಬೇರೆಯಾಗಿ ಕಂಡಿತು. ಅದು ಸುಳ್ಳಲ್ಲ. ಅವರು ಕೊಟ್ಟ ಆ ಕಣ್ಣಿಗೆ ನಾನು ಇವತ್ತಿಗೂ ಋಣಿ. ಅವರ ಮೇಲೆ ಇಷ್ಟು ಉರಿಯುವುದೂ ಅದಕ್ಕೇ.

ಗುಬ್ಬಿಯಿಂದ ಚೇಳೂರಿಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆದರೆ ಸಿಗುವ ಒಂದು ಹಳ್ಳಿಯನ್ನು ಆರಿಸಿಕೊಂಡೆ. ಊರಿನ ಬಲಕ್ಕೆ ತೆಂಗಿನ ತೋಟಗಳು, ಮೇಲ್ಗಡೆ ರಾಗಿ ಹೊಲ, ಅದರಾಚೆ ಗೋಮಾಳ. ಅದರ ತುಂಬ ಬಂದರೆ ಎಂಬ ಕುರುಚಲು ಗಿಡ, ತಂಗಡಿ, ಕಾರೆಮುಳ್ಳು, ಹಳ್ಳದ ಅಂಚಿಗೆ ಈಚಲು. ಕಾಲೇಜು ರಜೆಯಲ್ಲೆಲ್ಲ ಅಲ್ಲೇ ಇರುತ್ತಿದ್ದೆ. ಮೊದಮೊದಲು ಜನ ನನ್ನನ್ನು ಸೆನ್ಸಸ್‌ನವಳೆಂದುಕೊಂಡರು, ಆಮೇಲೆ ಫ್ಯಾಮಿಲಿ ಪ್ಲಾನಿಂಗ್‌ನವಳೆಂದು ಹೆದರಿ ಬಾಗಿಲು ಹಾಕಿಕೊಂಡರು. ಎಮರ್ಜೆನ್ಸಿಯ ನೆನಪು ಇನ್ನೂ ಹಸಿಯಾಗಿತ್ತು. ಬಾಗಿಲು ತೆರೆದವಳು ಒಬ್ಬಳೇ: ಕುರಿ ಸಾಕಿಕೊಂಡು, ಈಚಲು ಗರಿಯಲ್ಲಿ ಪೊರಕೆ ಕಟ್ಟಿ ಚೇಳೂರಿನ ಸಂತೆಗೆ ಒಯ್ಯುತ್ತಿದ್ದ ಒಬ್ಬ ನಡುವಯಸ್ಸಿನ ಹೆಂಗಸು. ಗಂಡ ಊರು ಬಿಟ್ಟು ಹೋಗಿದ್ದ. ಬಾಯಿ ಜೋರು. ಸುಳ್ಳೂ ಧಾರಾಳವಾಗಿ ಹೇಳುತ್ತಿದ್ದಳು. ಇರುವ ಕುರಿಯನ್ನು ಕಮ್ಮಿ ಮಾಡಿ ಹೇಳಿ, ಆಮೇಲೆ ತಾನೇ ನಕ್ಕುಬಿಡುತ್ತಿದ್ದಳು.

“ಸಾಬರ ಹುಡ್ಗೀನಾ ನೀನು? ಹಂಗಾದ್ರೆ ಕುರಿ ಬಗ್ಗೆ ನಿಂಗೇನು ಹೇಳ್ಕೊಡದು ಬುಡು,” ಎಂದಳು ಮೊದಲ ದಿನ.

“ತಿನ್ನೋದು ಗೊತ್ತು, ಮೇಯಿಸೋದು ಗೊತ್ತಿಲ್ಲ,” ಎಂದೆ.

ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ಊರಿಗೆಲ್ಲ ಹೇಳಿಕೊಂಡು ಬಂದಳು. ಆದರೂ ಊಟ ಬಡಿಸುತ್ತಿದ್ದುದು ಜಗಲಿಯ ಮೇಲೆಯೇ. ಮುದ್ದೆ, ಹುರುಳಿ ಸಾರು. ಮಾರನೆಯ ವರ್ಷ ಒಂದು ಮಳೆಯ ಮಧ್ಯಾಹ್ನ ಎರಚಲು ಹೊಡೆದಾಗ, “ಅಲ್ಲೇ ನೆನ್ಕಂಡು ಕುಂತೀಯಲ್ಲ, ಒಳಕ್ಕೆ ಬಾ ಕಣವ್ವ,” ಎಂದು ಒಲೆಯ ಪಕ್ಕಕ್ಕೆ ಕರೆದಳು. ಆಮೇಲೆ ಜಗಲಿಯ ಮಾತು ಬರಲಿಲ್ಲ. ಅವಳ ಹಿಂದೆಯೇ ಬೇರೆ ಮನೆಗಳೂ ತೆರೆದವು. ಯಾರ ಮನೆಯ ಒಲೆಗೆ ಯಾವ ಪುಳ್ಳೆ, ಯಾರ ಹೊಲಕ್ಕೆ ಎಷ್ಟು ಗೊಬ್ಬರ, ಯಾವ ಗಿಡದ ತೊಗಟೆ ಯಾವುದಕ್ಕೆ, ಎಲ್ಲ ಕೇಳಿ ಬರೆದುಕೊಂಡೆ.

ಕೊನೆಗೆ ಎಲ್ಲವನ್ನೂ ಎರಡು ಭಾಗ ಮಾಡಿದೆ. ಗೋಮಾಳದಿಂದ ಬಂದು ಸಂತೆಯಲ್ಲಿ ಮಾರಾಟವಾಗುವುದು ಒಂದು. ಮಾರಾಟವೇ ಆಗದೆ ಮನೆಗಳಲ್ಲಿ ಬಳಕೆಯಾಗಿಹೋಗುವ ಸೌದೆ, ಮೇವು, ಗೊಬ್ಬರ, ಸೊಪ್ಪು ಇನ್ನೊಂದು. ಮೊದಲನೆಯದು ಅಂಗೈಯಗಲ. ಎರಡನೆಯದು ಅದರ ಎಷ್ಟೋ ಪಾಲು ದೊಡ್ಡದು. ಮೇಷ್ಟ್ರು ನೋಡಿ ಕನ್ನಡಕ ತೆಗೆದು, “ಇದು ಸಾಕು ಕಣಮ್ಮ. ಇದನ್ನ ಇನ್ನು ಯಾರೂ ಬಂಜರು ಅನ್ನೋಕಾಗಲ್ಲ,” ಎಂದರು. ನನ್ನ ಜೀವನದ ಅತ್ಯಂತ ಸಂತೋಷದ ದಿನಗಳಲ್ಲಿ ಅದು ಒಂದು.

ಎಂಬತ್ತರ ದಶಕ ಬಂತು. ಹೊರದೇಶದ ನೆರವಿನಿಂದ ಹಳ್ಳಿಗಳಲ್ಲಿ ಮರ ನೆಡುವ ಯೋಜನೆಯೊಂದರ ಸುದ್ದಿ ಹಬ್ಬಿತು. ಗೋಮಾಳಗಳಲ್ಲಿ ನೀಲಗಿರಿ ಹಾಕುತ್ತಾರಂತೆ, ಸುತ್ತ ಟ್ರೆಂಚ್ ಹೊಡೆಯುತ್ತಾರಂತೆ, ಕುರಿ ಬಿಡುವ ಹಾಗಿಲ್ಲವಂತೆ. ಅದರ ಲಾಭನಷ್ಟ ನೋಡುವ ಕಮಿಟಿಗೆ ಮೇಷ್ಟ್ರನ್ನು ಹಾಕಿದರು. ಅವರೇ ನನ್ನನ್ನು ಕರೆಸಿ ಹೇಳಿದರು, “ನಿನ್ನ ಅಂಕಿಅಂಶ ಎಲ್ಲಾ ಕೊಡು. ಜನರ ಪರವಾಗಿ ಮಾತಾಡೋಕೆ ಇದಕ್ಕಿಂತ ಒಳ್ಳೆ ಜಾಗ ಇನ್ನೊಂದು ಸಿಗಲ್ಲ.” ನಾನು ಎಲ್ಲವನ್ನೂ ಕೊಟ್ಟೆ. ಹಳ್ಳಿಗೂ ಹೋಗಿ ಹೇಳಿದೆ: ಗುಬ್ಬಿಯಲ್ಲಿ ಸಭೆ ಇದೆ, ನಮ್ಮ ಮೇಷ್ಟ್ರು ಬರುತ್ತಾರೆ, ಬನ್ನಿ, ಕೇಳಿ.

ಸಭೆ ಗುಬ್ಬಿಯ ಸರ್ಕಾರಿ ಬಂಗಲೆಯಲ್ಲಿ, ಐಬಿಯಲ್ಲಿ. ಮರದ ಕೆಳಗೆ ಕುರ್ಚಿ ಹಾಕಿದ್ದರು. ಮೇಷ್ಟ್ರ ಪಕ್ಕ ಒಬ್ಬ ಬಿಳಿಯ ಅತಿಥಿ, ಇನ್ನೊಂದು ಪಕ್ಕ ಒಬ್ಬ ಅಧಿಕಾರಿ. ಹಳ್ಳಿಯವರು ಕಾಂಪೌಂಡಿನ ಗೋಡೆಯ ನೆರಳಿನಲ್ಲಿ ಕೂತಿದ್ದರು, ಪೊರಕೆ ಕಟ್ಟುವವಳು ಎಲ್ಲರಿಗಿಂತ ಮುಂದೆ, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು. ಮೇಷ್ಟ್ರು ಇಂಗ್ಲಿಷಿನಲ್ಲಿ ಮಾತಾಡಿದರು. ಗೋಮಾಳದ ವರಮಾನವೆಂದು ಅವರು ಹೇಳಿದ್ದು ಅಂಗೈಯಗಲದ ಆ ಮೊದಲ ಭಾಗವನ್ನು ಮಾತ್ರ. ಎರಡನೆಯದು ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾಯುತ್ತಲೇ ಇದ್ದೆ. ಅವರು ಮಾತು ಮುಗಿಸಿ ನೀರು ಕುಡಿದರು.

ಅಧಿಕಾರಿ ಎದ್ದು ಅದನ್ನೇ ಕನ್ನಡದಲ್ಲಿ ಹೇಳಿದ. “ನೋಡ್ರಪ್ಪ, ನಿಮ್ಮೂರಿನ ಗೋಮಾಳದಿಂದ ಏನೂ ಉಪಯೋಗ ಇಲ್ಲ, ಬಂಜರು ಭೂಮಿ. ಇದು ನಾನು ಹೇಳ್ತಿರೋದಲ್ಲ. ನಿಮ್ಮೂರಲ್ಲೇ ಇದ್ದು ಸ್ಟಡಿ ಮಾಡಿದಾರಲ್ಲ, ಈ ಮೇಡಮ್ಮೋರೇ ಲೆಕ್ಕ ಹಾಕವ್ರೆ.” ಹೇಳಿ ನನ್ನ ಕಡೆ ಕೈ ತೋರಿಸಿದ.

ಅಷ್ಟೂ ಮುಖಗಳು ನನ್ನತ್ತ ತಿರುಗಿದವು.

ನಾನು ಎದ್ದು ನಿಂತೆ. “ನಾನು ಹಾಗೆ ಹೇಳಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಮಾತ್ರ ಇಲ್ಲಿ ಹೇಳಿದಾರೆ,” ಎಂದು ಶುರು ಮಾಡಿದೆ. ಸೌದೆಯ ಮಾತು, ಮೇವಿನ ಮಾತು ಹೇಳುವಷ್ಟರಲ್ಲಿ ಮೇಷ್ಟ್ರು ಕೈ ಎತ್ತಿದರು. “ಕೂತ್ಕೋಮ್ಮ. ಮಾರ್ಕೆಟ್ ವರಮಾನ ಅಂತ ನಾನು ಸ್ಪಷ್ಟವಾಗೇ ಹೇಳಿದೀನಿ. ಅಂಕಿ ಸರಿಯಾಗೇ ಇದೆ.” ಆಮೇಲೆ ಪಕ್ಕದ ಅತಿಥಿಯತ್ತ ವಾಲಿ ಇಂಗ್ಲಿಷಿನಲ್ಲಿ, ನನ್ನ ವಿದ್ಯಾರ್ಥಿನಿ, ಸ್ವಲ್ಪ ಭಾವುಕಳು ಎಂದು ನಕ್ಕರು. ಅತಿಥಿಯೂ ನಕ್ಕ. ನನಗೆ ಇಂಗ್ಲಿಷ್ ಬರುತ್ತದೆ ಎಂಬುದನ್ನು ಅವರು ಆ ಕ್ಷಣ ಮರೆತರೋ, ನೆನಪಿದ್ದೂ ಅಂದರೋ, ನನಗೆ ಗೊತ್ತಾಗಲಿಲ್ಲ. ಆ ಭಾಷೆಯಲ್ಲಿ ನನ್ನ ಮೊದಲ ಪ್ರಬಂಧ ತಿದ್ದಿದ್ದವರು ಅವರೇ.

ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಪೊರಕೆಯ ಹೆಂಗಸು ನನಗಾಗಿ ಕಾದಿದ್ದಳು.

“ನೀನೇನವ್ವ ಹಂಗೆ ಬರ್ದಿದ್ದು?”

“ಇಲ್ಲ. ಪೂರ್ತಿ ಬರೆದುಕೊಟ್ಟಿದ್ದೆ. ಅವರು ಅರ್ಧ ಬಿಟ್ಟರು.”

“ಅವ್ರು ನಿಮ್ಮೋರೇ ಅಂದಿದ್ಯಲ್ಲ ನೀನು?”

ಹೌದು, ಅಂದಿದ್ದೆ. ಅವಳು ಸೆರಗು ಸುತ್ತಿಕೊಂಡು ಚೇಳೂರು ಬಸ್ಸಿನ ಕಡೆ ಹೊರಟಳು. ನಾನೂ ಜೊತೆಗೆ ಹೆಜ್ಜೆ ಹಾಕಿದೆ, ಅವಳು ಬೇಕೆಂತಲೇ ಬಿರಬಿರನೆ ನಡೆದಳು.

ಅದೇ ವಾರ ಬೆಂಗಳೂರಿನಲ್ಲಿ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಯಾವತ್ತಿನಂತೆ ನಗುತ್ತಾ ಕಾಫಿ ತಂದಿಟ್ಟರು. ನಾನು ಲೋಟ ಮುಟ್ಟಲಿಲ್ಲ.

“ನಾನು ಸುಳ್ಳು ಹೇಳಿದ್ನಾ?” ಎಂದು ಮೇಷ್ಟ್ರೇ ಶುರು ಮಾಡಿದರು. “ನಿನ್ನ ಅಂಕಿ ಒಂದನ್ನಾದ್ರೂ ತಿದ್ದಿದ್ನಾ?”

“ಅರ್ಧ ಬಿಟ್ರಿ ಸಾರ್.”

“ಬಿಟ್ಟೆ. ಆ ಅರ್ಧ ಅವರಿಗೆ ಅರ್ಥ ಆಗಲ್ಲ. ಯೋಜನೆ ಹೇಗಿದ್ರೂ ಬರುತ್ತೆ ಕಣಮ್ಮ, ನಾನು ಬೇಡ ಅಂದ್ರೆ ಬೇರೆ ಯಾರೋ ಕೂತ್ಕೊಂಡು ಹೂಂ ಅಂತಾರೆ. ನಾವು ಒಳಗಿದ್ರೆ ಮುಂದೆ ಏನಾದ್ರೂ ಮಾಡಬಹುದು. ಇದರ ಮುಂದಿನ ಕೆಲಸದಲ್ಲಿ ನಿನಗೂ ಜಾಗ ಇದೆ. ಹೊರದೇಶಕ್ಕೆ ಹೋಗೋ ಅವಕಾಶ.”

“ಸಂತೆಗೆ ಬರದೇ ಇರೋದಕ್ಕೂ ಬೆಲೆ ಇದೆ ಅಂತ ನೀವೇ ಹೇಳಿಕೊಟ್ಟಿದ್ದು ಸಾರ್.”

ಅವರು ಕಿಟಕಿಯ ಕಡೆ ನೋಡಿದರು. “ಹೇಳಿಕೊಡೋದು ಬೇರೆ, ಕಮಿಟೀಲಿ ಕೂರೋದು ಬೇರೆ,” ಎಂದರು. ಬೇಸರದಿಂದಲ್ಲ, ನನಗೆ ಇನ್ನೊಂದು ಪಾಠ ಹೇಳುವಂತೆ. ಕೋಪ ಮಾಡಿಕೊಂಡಿದ್ದರೆ, ಗದರಿದ್ದರೆ, ಒಂದು ಸಲ ತಲೆ ತಗ್ಗಿಸಿದ್ದರೆ ನಾನು ಏನೋ ಒಂದು ಸಮಾಧಾನ ಹುಡುಕಿಕೊಳ್ಳುತ್ತಿದ್ದೆ. ಅವರು ಬಹಳ ಮೆತ್ತಗೆ ಮಾತಾಡಿದರು. ಇನ್ನು ನಿಮ್ಮ ಹತ್ತಿರ ನಾನು ಸಂಶೋಧನೆ ಮಾಡುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವರು ನಂಬಲಿಲ್ಲ. “ಅಷ್ಟು ದೊಡ್ಡ ಮನುಷ್ಯ ಹಾಗೆ ಮಾಡ್ತಾರಾ? ನೀನೇ ಏನೋ ತಪ್ಪು ತಿಳ್ಕೊಂಡಿದೀಯ,” ಎಂದರು. ನಾನು ಕೂಗಾಡಿದೆ. ಅವರು ಎದ್ದು ನಮಾಜಿಗೆ ಹೋದರು.

ಕೆಲವು ದಿನದ ಮೇಲೆ ಕಾಲೇಜಿನಿಂದ ಬಂದಾಗ ಅಂಗಡಿಯ ಬಾಗಿಲು ಹಾಕಿತ್ತು. ಸಂಜೆ ಅಪ್ಪ ಇಸ್ತ್ರಿ ಮಾಡಿದ ಷರಟಿನಲ್ಲಿ, ಮುಖವರಳಿಸಿಕೊಂಡು ಬಂದರು. ಬೆಂಗಳೂರಿಗೆ ಹೋಗಿದ್ದರಂತೆ. ಒಂದು ಹಿತ್ತಾಳೆ ಸ್ಟವ್‌ಗೆ ಹುಣಸೆಹಣ್ಣು ಹಾಕಿ ಉಜ್ಜಿ, ಹೊಸ ಬರ್ನರ್ ಕೂರಿಸಿ ಮೇಷ್ಟ್ರ ಮನೆಗೆ ಕೊಂಡೊಯ್ದಿದ್ದರಂತೆ.

“ಎಲ್ಲಾ ಸರಿ ಮಾಡಿ ಬಂದಿದೀನಿ,” ಎಂದರು. “ಮಗು, ದುಡುಕಿದಾಳೆ, ಮಾಫ್ ಮಾಡಿ ಸಾರ್ ಅಂದೆ. ಅವರಿಗೆ ಒಂದಿಷ್ಟೂ ಬೇಜಾರಿಲ್ಲ. ಎಂಥ ಮನುಷ್ಯ! ನನ್ನನ್ನ ಗೇಟಿನ ತನಕ ಬಂದು ಕಳಿಸಿದ್ರು.”

ನನ್ನ ಅಪ್ಪ, ಯಾರ ಮುಂದೆಯೂ ತಗ್ಗದ ಮನುಷ್ಯ, ನಾನು ಮಾಡದ ತಪ್ಪಿಗೆ ಆ ಮನೆಯಲ್ಲಿ ಕೈ ಮುಗಿದು ನಿಂತಿದ್ದರು. ಮೇಷ್ಟ್ರು ಆ ಕ್ಷಮಾಪಣೆಯನ್ನು ತೆಗೆದುಕೊಂಡಿದ್ದರು. ತಪ್ಪು ಅವಳದಲ್ಲ ಎಂಬ ಒಂದು ಮಾತನ್ನು ಅವರು ಆಗ ಆಡಬಹುದಿತ್ತು, ಅದರಿಂದ ಯಾವ ಕಮಿಟಿಯೂ ಹೋಗುತ್ತಿರಲಿಲ್ಲ. ಐಬಿಯಲ್ಲಿ ನಡೆದದ್ದಕ್ಕಿಂತ ನನ್ನನ್ನು ಹೆಚ್ಚು ಸುಟ್ಟದ್ದು ಅದು. ಅಪ್ಪನ ಮೇಲೆ ಕೂಗಾಡಲೂ ಆಗಲಿಲ್ಲ. ಪರದೆ ಸರಿಸಿ ಒಳಗೆ ಹೋಗಿ ಮುಸುರೆ ಪಾತ್ರೆಗಳನ್ನೆಲ್ಲ ತೊಳೆದೆ. ಅಮ್ಮ ಪಕ್ಕದಲ್ಲಿ ನಿಂತು ನೀರು ಸುರಿದರು.

ನೀಲಗಿರಿ ಬಂತು. ಗೋಮಾಳದ ಸುತ್ತ ಟ್ರೆಂಚ್ ಹೊಡೆದರು, ಬಂದರೆ ಗಿಡ ಕಿತ್ತು ಗುಂಡಿ ತೋಡಿದರು, ಹಳ್ಳದಂಚಿನ ಈಚಲನ್ನೂ ಬಿಡಲಿಲ್ಲ. ನಾನು ಅದಕ್ಕೆ ಮುಂಚೆ ಪತ್ರಿಕೆಗಳಿಗೆ ಬರೆದೆ, ಕಚೇರಿಗಳಿಗೆ ಅಲೆದೆ. ಹೋದ ಕಡೆಯೆಲ್ಲ ಒಂದೇ ಉತ್ತರ: “ನಿಮ್ಮ ಸ್ಟಡೀನೇ ಇದೆಯಲ್ಲ ಮೇಡಂ.” ಹಳ್ಳಿಗೆ ಹೋದಾಗ ಪೊರಕೆಯ ಹೆಂಗಸು ಮನೆ ಮುಂದೆ ಕೂತಿದ್ದಳು. ಕುರಿಗಳನ್ನು ಮಾರಿದ್ದಳು. ಒಳಗೆ ಬಾ ಎನ್ನಲಿಲ್ಲ. ನೀರು ಕೊಟ್ಟಳು, ಜಗಲಿಯ ಮೇಲೆ.

“ನಿನ್ನ ಮ್ಯಾಲೆ ಸಿಟ್ಟಿಲ್ಲ ಕಣವ್ವ,” ಎಂದಳು. “ಆದ್ರೆ ಊರೋರು ನೋಡ್ತಾವ್ರೆ. ನಿನ್ನ ಒಳಕ್ಕೆ ಕರ್ಕಂಡಿದ್ದೋಳು ನಾನೇ ಅಲ್ವಾ.”

ಊರು ಅವಳನ್ನೂ ದೂರ ಮಾಡಿತ್ತು. ಅದು ನನಗೆ ಗೊತ್ತಿರಲಿಲ್ಲ. ನನ್ನನ್ನು ನಂಬಿದ್ದೇ ಅವಳ ಮೇಲೆ ಬಂದಿತ್ತು. ಸ್ವಲ್ಪ ದಿನದಲ್ಲೇ ಅವಳು ಗುಬ್ಬಿ ಸೇರಿ ಒಂದು ನಾರಿನ ಕಾರ್ಖಾನೆಯಲ್ಲಿ ತೆಂಗಿನ ಸಿಪ್ಪೆ ಹರಡುವ ಕೆಲಸಕ್ಕೆ ಹೋಗತೊಡಗಿದಳು.

ನನಗೆ ಕುಣಿಗಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ದಿನಾ ತುಮಕೂರಿನಿಂದ ಬಸ್ಸು. ಮೈಸೂರಿನಲ್ಲಿ ಇನ್ನೊಬ್ಬರ ಕೈಕೆಳಗೆ ಮತ್ತೆ ಹೆಸರು ಬರೆಸಿದೆ. ಅವರು ಮಾತು ಕಮ್ಮಿ, ಹೊಗಳಿಕೆ ಇನ್ನೂ ಕಮ್ಮಿ. ನನಗೆ ಆಗ ಬೇಕಿದ್ದದ್ದೂ ಅಂಥವರೇ. ಎರಡೂ ಭಾಗಗಳನ್ನು ಇಟ್ಟುಕೊಂಡೇ ಪಿಎಚ್.ಡಿ. ಮುಗಿಸಿದೆ. ಬೆಂಗಳೂರು, ದಿಲ್ಲಿಯ ಒಳ್ಳೆಯ ಜಾಗಗಳಿಗೆ ಅರ್ಜಿ ಹಾಕಿದೆ. ಎಲ್ಲ ಕಡೆಯೂ ಮೇಷ್ಟ್ರ ಅಭಿಪ್ರಾಯ ಕೇಳುತ್ತಿದ್ದರು. ಅವರು ಏನು ಹೇಳಿದರೋ ಗೊತ್ತಿಲ್ಲ. ನನಗೆ ಕರೆ ಬರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಗಾಳಿ ತಿರುಗಿತು. ಪರಿಸರ ಎಂಬ ಮಾತು ಎಲ್ಲರ ಬಾಯಿಗೆ ಬಂತು, ನೀಲಗಿರಿಯನ್ನು ಬೈಯುವುದು ಮರ್ಯಾದೆಯಾಯಿತು. ನಮ್ಮ ಕುಣಿಗಲ್ ಕಾಲೇಜಿನಲ್ಲೂ ವಿಚಾರ ಸಂಕಿರಣ ಏರ್ಪಾಡಾಯಿತು. ಮುಖ್ಯ ಭಾಷಣಕಾರರಾಗಿ ಬಂದವರು ಮೇಷ್ಟ್ರು.

ಈ ಸಲ ಅವರು ಕನ್ನಡದಲ್ಲಿ ಮಾತಾಡಿದರು, ಬಹಳ ಚೆನ್ನಾಗಿ. “ಗೋಮಾಳವನ್ನು ಬಂಜರು ಅನ್ನೋದೇ ಒಂದು ಮೋಸ. ಸಂತೆಗೆ ಬರದೇ ಇರುವುದಕ್ಕೂ ಬೆಲೆ ಇದೆ,” ಎಂದರು. ಚಪ್ಪಾಳೆ ಬಿತ್ತು. ನನ್ನ ಎರಡನೆಯ ಭಾಗವನ್ನು ಒಂದು ಅಂಕಿಯೂ ತಪ್ಪದೆ ಹೇಳಿದರು. ಕೊನೆಗೆ ದನಿ ತಗ್ಗಿಸಿ, “ಗುಬ್ಬಿ ಕಡೆ ಒಂದು ಹಳ್ಳಿಯಲ್ಲಿ ಈಚಲು ಪೊರಕೆ ಕಟ್ಟುತ್ತಿದ್ದ ಒಬ್ಬ ತಾಯಿಯನ್ನ ನಾನು ಕಂಡೆ. ಅವಳ ಒಲೆಯ ಮುಂದೆ ಕೂತಾಗ ನನಗೆ ಈ ಸತ್ಯ ಹೊಳೀತು,” ಎಂದರು.

ನಾನು ಹಿಂದಿನ ಸಾಲಿನಲ್ಲಿ ಎದ್ದು ನಿಂತೆ.

“ಸಾರ್, ಆ ಹೆಂಗಸಿನ ಮನೆಗೆ ನೀವು ಯಾವಾಗ ಹೋಗಿದ್ರಿ?”

ಅವರು ನನ್ನನ್ನು ಗುರುತಿಸಿದರು. ಮುಖದ ನಗು ಹಾಗೇ ಇತ್ತು. “ನಮ್ಮ ತಂಡದವರು ಹೋಗಿದ್ರು.”

“ತಂಡದಲ್ಲಿ ಯಾರಿದ್ರು?”

ಪ್ರಿನ್ಸಿಪಾಲರು ಗಡಿಯಾರ ನೋಡಿ, ವೇಳೆಯ ಅಭಾವ ಎಂದು ವಂದನಾರ್ಪಣೆಗೆ ಕರೆದುಬಿಟ್ಟರು. ಮುಂದಿನ ಸಾಲಿನ ಹುಡುಗಿಯರು ತಿರುಗಿ ತಿರುಗಿ ನನ್ನನ್ನು ನೋಡುತ್ತಿದ್ದರು. ಊಟದ ಹಾಲಿನಲ್ಲಿ ಮೇಷ್ಟ್ರು ತಾವಾಗಿಯೇ ಹತ್ತಿರ ಬಂದು, “ಅಪ್ಪ ಹೇಗಿದಾರಮ್ಮ? ಭಾನುವಾರ ತುಮಕೂರಲ್ಲೇ ಇರ್ತೀನಿ, ಬಂದು ನೋಡ್ತೀನಿ,” ಎಂದು ಹೋದರು.

ಬಂದೂ ಬಂದರು, ಕಾರಿನಲ್ಲಿ. ಅಪ್ಪನಿಗೆ ಆಗಲೇ ಕಣ್ಣು ಮಂಜಾಗಿತ್ತು, ದನಿಯಲ್ಲೇ ಗುರುತು ಹಿಡಿದು ಎದ್ದು ನಿಂತರು. ಟೀ ತರಿಸಿದರು, ಬಿಸ್ಕತ್ತು ತರಿಸಿದರು. ಗ್ಯಾಸ್ ಬಂದ ಮೇಲೆ ಸ್ಟವ್ ರಿಪೇರಿಗೆ ಜನ ಬರುವುದು ಕಮ್ಮಿಯಾಗಿದೆ ಎಂದು ನಗುತ್ತಾ ಹೇಳಿಕೊಂಡರು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, “ನಿಮ್ಮ ಮಗಳು ನನ್ನ ಅತ್ಯಂತ ಒಳ್ಳೆಯ ಶಿಷ್ಯೆ ಸಾಹೇಬ್ರೇ, ಈಗ್ಲೂ ಎಲ್ಲಾ ಕಡೆ ಹೇಳ್ತೀನಿ,” ಎಂದರು.

ನಾನು ಪರದೆ ಸರಿಸಿ ಆಚೆ ಬಂದೆ.

“ಟೀ ಕುಡೀರಿ ಸಾರ್. ಮನೆಗೆ ಬಂದೋರು ನೀವು. ಆದರೆ ಇನ್ನು ಮೇಲೆ ನನ್ನನ್ನ ಶಿಷ್ಯೆ ಅಂತ ಯಾರ ಹತ್ರಾನೂ ಹೇಳಬೇಡಿ. ಆ ಹೆಂಗಸಿನ ಒಲೆ ಮುಂದೆ ಕೂತಿದ್ದು ನೀವಲ್ಲ, ನಾನು. ಆ ಅಧಿಕಾರಿ ಬಂಜರು ಅಂತ ಹೇಳಿ, ಅದಕ್ಕೆ ನನ್ನ ಹೆಸರು ಅಂಟಿಸಿದಾಗ ನನ್ನನ್ನ ಕೂತ್ಕೋ ಅಂದಿದ್ದು ನೀವು. ನಮ್ಮಪ್ಪ ನಿಮ್ಮ ಮನೇಲಿ ಬಂದು ಕೈ ಮುಗಿದಾಗ ಸುಮ್ಮನೆ ನಿಂತಿದ್ದೂ ನೀವೇ.”

ಕನ್ನಡದಲ್ಲೇ ಹೇಳಿದೆ, ಅಪ್ಪನಿಗೂ ಒಂದೊಂದು ಮಾತೂ ತಿಳಿಯಲಿ ಎಂದು.

ಮೇಷ್ಟ್ರು ಲೋಟ ಕೆಳಗಿಟ್ಟರು. ಇಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. “ನಿನಗೆ ಇನ್ನೂ ಕೋಪ ಇದೆ,” ಎಂದಷ್ಟೇ ಹೇಳಿ, ಅಪ್ಪನಿಗೆ ಬರ್ತೀನಿ ಎಂದು ಹೊರಟರು. ಅಪ್ಪ ಕಾರಿನ ತನಕ ಹೋಗಲಿಲ್ಲ. ಕಾರು ಹೋಯಿತೋ ಇಲ್ಲವೋ ಎಂದು ಕಿವಿಯಲ್ಲೇ ನೋಡುತ್ತಾ ಕೂತರು.

ಬೈಯುತ್ತಾರೆಂದುಕೊಂಡೆ. ಅವರು ಸ್ಪ್ಯಾನರ್ ಹುಡುಕಿ, ಕೈಗೆ ಸಿಕ್ಕಿದ ಮೇಲೂ ಅದನ್ನು ಸುಮ್ಮನೆ ತಿರುಗಿಸುತ್ತಿದ್ದರು. ಆಮೇಲೆ ಅದನ್ನು ಕೆಳಗಿಟ್ಟು ಕೇಳಿದರು, “ಆ ಹೆಂಗಸು ಈಗ ಎಲ್ಲಿದಾಳೆ?”

ಅಷ್ಟು ವರ್ಷದಲ್ಲಿ ಅವರು ಅವಳ ಬಗ್ಗೆ ಕೇಳಿದ್ದು ಅದೇ ಮೊದಲು.

“ಗುಬ್ಬೀಲಿ ಅಬ್ಬಾ. ನಾರಿನ ಕಾರ್ಖಾನೇಲಿ.”

“ನಿನ್ನನ್ನ ಮಾತಾಡಿಸ್ತಾಳಾ?”

“ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರೆ ಮಾತಾಡ್ತಾಳೆ.”

“ಹೂಂ. ಕೂತ್ಕೋ,” ಎಂದು ಮೇಷ್ಟ್ರು ಕೂತಿದ್ದ ಸ್ಟೂಲನ್ನು ನನ್ನ ಕಡೆ ತಳ್ಳಿದರು. “ಏನಾಯ್ತು, ಸರಿಯಾಗಿ ಹೇಳು.”

ನಾನು ಹೇಳಿದೆ. ನಡುವೆ ಯಾರೋ ಬತ್ತಿ ಕೇಳಿಕೊಂಡು ಬಂದರು, ಯಾರೋ ವಾಷರ್ ಕೊಂಡು ಹೋದರು. ಅಪ್ಪ ಅವರನ್ನು ಕಳಿಸಿ, “ಆಮೇಲೆ?” ಎನ್ನುತ್ತಿದ್ದರು.